‘ಹೆಂಪ್’ ಎಂದು ಬರೆದ ಬಾಟಲಿ ಕೊಳ್ಳುವ ಮುಂಚೆ

ಕಳೆದ ಬೇಸಿಗೆಯಲ್ಲಿ ಮಾವನ ಮೊಣಕಾಲು ನೋವಿಗೆಂದು ಆನ್‌ಲೈನ್‌ನಲ್ಲಿ ಒಂದು ಬಾಟಲಿ ತರಿಸಿದೆ. 100 ಎಂ.ಎಲ್., 850 ರೂಪಾಯಿ. ಕಪ್ಪು ಗಾಜು, ಮೇಲೆ ಹಸಿರು ಅಕ್ಷರದಲ್ಲಿ ‘ಹೆಂಪ್ ಆಯಿಲ್’. ಮುಚ್ಚಳ ತೆಗೆದರೆ ಈಗಷ್ಟೇ ಕೊಯ್ದ ಹುಲ್ಲಿನ ವಾಸನೆ. ಎಣ್ಣೆಯೂ ಹಸಿರೇ. ಮಾವ ಬಾಟಲಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಇದು ಹಚ್ಚಕೊಳ್ಳದೇನು, ಕುಡಿಯದೇನು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಹಚ್ಚಿ ನೋಡ್ರಿ” ಎಂದೆ.

ಹದಿನೈದು ದಿನ ಬೆಳಿಗ್ಗೆ ಸಂಜೆ ಹಚ್ಚಿದರು. ಚರ್ಮ ನುಣುಪಾಯಿತು. ನೋವು ಇದ್ದಲ್ಲೇ ಇತ್ತು.

ಆಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಪರಿಚಯದ ಮೆಡಿಕಲ್ ಅಂಗಡಿಗೆ ಅದೇ ಬಾಟಲಿ ಹಿಡಿದು ಹೋದೆ. ಅಂಗಡಿಯವರು ಮುಂದಿನ ದೊಡ್ಡ ಅಕ್ಷರ ನೋಡಲೇ ಇಲ್ಲ. ನೇರ ಹಿಂದಕ್ಕೆ ತಿರುಗಿಸಿ, ಸಣ್ಣ ಅಕ್ಷರ ಓದಿದರು. ಬೀಜದ ಎಣ್ಣೆ, ಗಾಣದಲ್ಲಿ ತೆಗೆದದ್ದು, ಇಷ್ಟು ಕ್ಯಾಲೊರಿ, ಇಷ್ಟು ಕೊಬ್ಬು. “ಇದು ಹಿಂಡಿಗೆ (ಚಟ್ನಿಪುಡಿಗೆ) ಹಾಕ್ಕೊಳ್ಳೋ ಎಣ್ಣಿ ರೀ. ನೀವು ಕೇಳ್ತಿರೋ ಸಿಬಿಡಿ ಇದರಾಗ ಇಲ್ಲ” ಎಂದರು. ಸಿಬಿಡಿ ಎಂದರೆ ಹೆಂಪ್ ಗಿಡದಲ್ಲಿರುವ, ನೋವಿಗೆ ಮದ್ದೆಂದು ಜಾಹೀರಾತು ಹೇಳುವ ಪದಾರ್ಥ. ಅಷ್ಟಕ್ಕೇ ಬಿಡಲಿಲ್ಲ. ಮಾವ ಬೇರೆ ಯಾವ ಮಾತ್ರೆ ತಗೋತಾರೆ ಎಂದು ಕೇಳಿದರು. ಹೃದಯದ ಕವಾಟದ ಆಪರೇಷನ್ ಆದಾಗಿನಿಂದ ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್ ನಡೆದಿದೆ ಎಂದೆ. ಅವರ ಮುಖ ಬದಲಾಯಿತು. “ಹಂಗಾದ್ರ ನಿಮಗ ಸಿಬಿಡಿ ಸಿಗಲಿಲ್ಲ ಅನ್ನೋದೇ ಪುಣ್ಯ.”

ಯಾಕೆ ಪುಣ್ಯ ಎನ್ನುವುದು ಆಮೇಲೆ ಹೇಳುತ್ತೇನೆ. 850 ರೂಪಾಯಿ ಕಳಕೊಂಡು ನಾನು ಕಲಿತದ್ದು ಇಷ್ಟು: ಹೆಂಪ್ ಎನ್ನುವ ಒಂದೇ ಪದದ ಹಿಂದೆ ನಾಲ್ಕೈದು ಬೇರೆ ಬೇರೆ ವಸ್ತು ಕೂತಿವೆ. ಒಂದು ಊಟ, ಒಂದು ಔಷಧ, ಒಂದು ನಶೆ, ಒಂದು ಜೈಲು. ಯಾವುದನ್ನು ಕೊಳ್ಳುವಾಗಲೂ ಎರಡು ಪ್ರಶ್ನೆ ಕೇಳಬೇಕು. ಇದು ಗಿಡದ ಯಾವ ಭಾಗದಿಂದ ಬಂದದ್ದು? ಇದರಲ್ಲಿ ನಶೆ ಏರಿಸುವ ಟಿಎಚ್‌ಸಿ ಎಷ್ಟಿದೆ?

ನಮ್ಮ ಪುಂಡಿಯೂ ಹೆಂಪೇ!

ಕಲಬುರಗಿಯವರಿಗೆ ಈ ಪದದ ಗೊಂದಲ ಸ್ವಲ್ಪ ಜಾಸ್ತಿ. ಕಣ್ಣಿ ಮಾರ್ಕೆಟ್‌ನಲ್ಲಿ ಕಟ್ಟು ಕಟ್ಟಿ ಮಾರುವ ಪುಂಡಿ ಪಲ್ಯ ಇದೆಯಲ್ಲ, ಆ ಪುಂಡಿಯ ಒಂದು ಜಾತಿಗೆ ಸಸ್ಯಶಾಸ್ತ್ರದವರು ಇಟ್ಟ ಹೆಸರು ಹಿಬಿಸ್ಕಸ್ ಕ್ಯಾನಬಿನಸ್. ಇಂಗ್ಲಿಷಿನಲ್ಲಿ ಅದು ಡೆಕ್ಕನ್ ಹೆಂಪ್. ಎಲೆ ಗಾಂಜಾದ ಎಲೆಯ ಹಾಗೆ ಬೆರಳು ಬೆರಳಾಗಿ ಕಾಣುತ್ತದೆ, ಕಾಂಡದಿಂದ ನಾರು ಬರುತ್ತದೆ, ಅದಕ್ಕೇ ಆ ಹೆಸರು. ಸಂಬಂಧ ಅಷ್ಟೇ. ಪುಂಡಿ ಬೆಂಡಿ ಮತ್ತು ಹತ್ತಿಯ ಬಳಗದ್ದು. ಜೋಳದ ರೊಟ್ಟಿ ಜೊತೆ ಎಷ್ಟು ತಿಂದರೂ ನಶೆ ಏರುವುದಿಲ್ಲ, ನಿದ್ದೆ ಬಂದರೆ ಅದು ರೊಟ್ಟಿಯ ಪ್ರಭಾವ.

ಗದ್ದೆಗೆ ಹಸಿರು ಗೊಬ್ಬರವೆಂದು ಬಿತ್ತುವ ಸೆಣಬು ಇನ್ನೊಂದು. ಶಹಾಪುರ, ಸುರಪುರದ ಕಾಲುವೆ ಕಡೆಯ ಭತ್ತದ ರೈತರಿಗೆ ಇದು ಚೆನ್ನಾಗಿ ಗೊತ್ತು. ಅದರ ಇಂಗ್ಲಿಷ್ ಹೆಸರು ಸನ್ ಹೆಂಪ್. ಹಳದಿ ಹೂ ಬಿಡುತ್ತದೆ, ನಮ್ಮ ತೊಗರಿಯ ಬಳಗ. ಬೀಜದ ಅಂಗಡಿಯ ಚೀಟಿಯಲ್ಲಿ ‘ಸನ್ ಹೆಂಪ್’ ಎಂದು ಕಂಡರೆ ಅದು ಇದೇ. ಗಾಬರಿ ಬೇಡ.

ಈ ಬರಹದ ಗಿಡ ಬೇರೆ. ಕನ್ನಡದಲ್ಲಿ ಭಂಗಿ. ಅದರ ಹೂಗೊಂಚಲು ಗಾಂಜಾ. ಸಸ್ಯಶಾಸ್ತ್ರದಲ್ಲಿ ಕ್ಯಾನಬಿಸ್ ಸಟೈವಾ. ಲಿನೇಯಸ್ 1753ರಲ್ಲಿ ಹೆಸರಿಟ್ಟ. ನಮ್ಮ ದೇಶದ ಗಿಡ ನೋಡಿ 1785ರಲ್ಲಿ ಲಮಾರ್ಕ್ ಎಂಬ ಫ್ರೆಂಚ್ ವಿಜ್ಞಾನಿ ‘ಇಂಡಿಕಾ’ ಎಂದು ಇನ್ನೊಂದು ಹೆಸರು ಸೇರಿಸಿದ. ಹೆಂಪ್, ಗಾಂಜಾ, ಮರಿಜುವಾನಾ ಎಲ್ಲವೂ ಇದೇ ಗಿಡ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ ಇರುತ್ತವೆ. ನಶೆಯ ಅಂಟು ಇರುವುದು ಮುಖ್ಯವಾಗಿ ಹೆಣ್ಣು ಗಿಡದ ಹೂವಿನಲ್ಲಿ.

ಅಮೆರಿಕದ ಹೆಂಪ್ ಬೇರೆ, ನಮ್ಮ ಕಾನೂನಿನ ಹೆಂಪ್ ಬೇರೆ

ಹೊಸಬರು ಎಡವುವುದು ಇಲ್ಲೇ. ಯೂಟ್ಯೂಬ್‌ನಲ್ಲಿ ನೋಡುವ ಹೆಚ್ಚಿನ ವಿಡಿಯೊಗಳು ಅಮೆರಿಕದವು. ಅಲ್ಲಿ 2018ರ ಕೃಷಿ ಕಾಯ್ದೆ ಒಂದು ಗೆರೆ ಎಳೆಯಿತು. ಒಣಗಿದ ಗಿಡದಲ್ಲಿ ಡೆಲ್ಟಾ-9 ಟಿಎಚ್‌ಸಿ (ಟಿಎಚ್‌ಸಿಯ ಮುಖ್ಯ ರೂಪ) ಶೇ. 0.3ಕ್ಕಿಂತ ಹೆಚ್ಚಿಲ್ಲದಿದ್ದರೆ ಅದು ಹೆಂಪ್. ಮೀರಿದರೆ ಮರಿಜುವಾನಾ. ಈ 0.3 ಆಕಾಶದಿಂದ ಬಿದ್ದದ್ದಲ್ಲ. ಕೆನಡಾದ ಸಸ್ಯವಿಜ್ಞಾನಿ ಅರ್ನೆಸ್ಟ್ ಸ್ಮಾಲ್ 1976ರಲ್ಲಿ ಗಿಡಗಳನ್ನು ವಿಂಗಡಿಸಲು ಹಾಕಿಕೊಂಡ ಗೆರೆ ಅದು. ಎಲ್ಲಾದರೂ ಒಂದು ಕಡೆ ಗೆರೆ ಎಳೆಯಬೇಕಲ್ಲ, ಎಳೆದರು. ಆಮೇಲೆ ಅದನ್ನೇ ಸರ್ಕಾರಗಳು ಹಿಡಿದುಕೊಂಡವು.

ಮಾದಕ ವಸ್ತುಗಳಿಗೆಂದು ಇರುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಆ ಗೆರೆಯೇ ಇಲ್ಲ. ಕಾಯ್ದೆಯ ಭಾಷೆಯಲ್ಲಿ ಹೆಂಪ್ ಎಂದರೆ ಕ್ಯಾನಬಿಸ್‌ನ ಇನ್ನೊಂದು ಹೆಸರು, ಅಷ್ಟೇ. “ಇದು ಹೆಂಪ್ ಸರ್, ಗಾಂಜಾ ಅಲ್ಲ” ಎಂಬ ಮಾತು ಪೊಲೀಸರ ಮುಂದೆ ನಡೆಯುವುದಿಲ್ಲ. ನಮ್ಮ ಕಾಯ್ದೆ ಶೇಕಡಾವಾರು ನೋಡುವುದಿಲ್ಲ, ಗಿಡದ ಭಾಗ ನೋಡುತ್ತದೆ. ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ಗಿಡದಿಂದ ಬಿಡಿಸಿದ ಅಂಟು ಚರಸ್. ಇವೆರಡೂ ನಿಷಿದ್ಧ. ತುದಿಯ ಜೊತೆ ಇಲ್ಲದ ಬರೀ ಎಲೆ ಮತ್ತು ಬೀಜವನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದ್ದಾರೆ. ಎಲೆಯೂ ತುದಿಯೂ ಕೂಡಿಯೇ ಇದ್ದರೆ ಎಲೆಗೂ ಆ ರಿಯಾಯಿತಿ ಇಲ್ಲ.

ಈ ಒಂದು ವಾಕ್ಯದ ಸಂದಿಯಿಂದಲೇ ಇವತ್ತಿನ ಇಡೀ ಮಾರುಕಟ್ಟೆ ಹುಟ್ಟಿದೆ. ಬೀಜ ಹೊರಗಿರುವುದರಿಂದ ಹೆಂಪ್ ಬೀಜ, ಎಣ್ಣೆ, ಹಿಟ್ಟು. ಎಲೆ ಹೊರಗಿರುವುದರಿಂದ ಭಾಂಗ್, ಮತ್ತು ಆಯುರ್ವೇದದ ಹೆಸರಲ್ಲಿ ವಿಜಯಾ.

ಬೆಳೆಯುವ ವಿಷಯ ಮಾತ್ರ ಬೇರೆ. ಭಾಗ ಯಾವುದೇ ಇರಲಿ, ಪರವಾನಗಿ ಇಲ್ಲದೆ ಗಿಡ ಹಾಕುವುದೇ ಅಪರಾಧ. ಹತ್ತು ವರ್ಷದವರೆಗೆ ಶಿಕ್ಷೆ, 1 ಲಕ್ಷದವರೆಗೆ ದಂಡ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದೆಂದು ಕಾಯ್ದೆಯ 14ನೇ ಕಲಮು ಹೇಳುತ್ತದೆ. ಅದನ್ನು ಹಿಡಿದು 2018ರಲ್ಲಿ ಮೊದಲು ಲೈಸೆನ್ಸ್ ಕೊಡಲು ಶುರು ಮಾಡಿದ್ದು ಉತ್ತರಾಖಂಡ. ನಮ್ಮ ಕಡೆ ತೊಗರಿ, ಹತ್ತಿ, ಕಬ್ಬಿನ ಸಾಲಿನ ನಡುವೆ ಗಿಡ ಸಿಕ್ಕಿತು ಎಂಬ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಯಾರಾದರೂ “ಹೆಂಪ್ ಬೀಜ ಕೊಡ್ತೀನಿ, ಎಕರೆಗೆ ಲಕ್ಷ ಬರ್ತದ” ಎಂದು ಆಳಂದ ಕಡೆ, ಔರಾದ್ ಕಡೆ ತಿರುಗುತ್ತಿದ್ದರೆ ಮೊದಲು ಲೈಸೆನ್ಸ್ ತೋರಿಸು ಎನ್ನಿ.

ಗಿಡದೊಳಗೆ ಏನೇನಿದೆ

ಈ ಗಿಡದಲ್ಲಿ ಕ್ಯಾನಬಿನಾಯ್ಡ್ ಎಂಬ ಪದಾರ್ಥಗಳು ನೂರಕ್ಕೂ ಹೆಚ್ಚು ಇವೆ. ಕೊಳ್ಳುವವರಿಗೆ ಬೇಕಾದವು ಎರಡೇ.

ಟಿಎಚ್‌ಸಿ ನಶೆ ಏರಿಸುವುದು. ಮಿದುಳಿನಲ್ಲಿ ಸಿಬಿ-1 ಎಂಬ ಗ್ರಾಹಕಗಳಿವೆ (ರಿಸೆಪ್ಟರ್), ಟಿಎಚ್‌ಸಿ ಹೋಗಿ ಅವಕ್ಕೆ ಅಂಟುತ್ತದೆ. ನಗು, ಹಸಿವು, ಸಮಯ ನಿಧಾನವಾದಂತೆ ಅನಿಸುವುದು, ಕೆಲವರಿಗೆ ಎದೆಬಡಿತ, ಭಯ, ಎಲ್ಲ ಅದರದ್ದೇ. 1964ರಲ್ಲಿ ಇಸ್ರೇಲಿನ ರಫಾಯಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೊನಿ ಇದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು.

ಸಿಬಿಡಿ ನಶೆ ಏರಿಸುವುದಿಲ್ಲ. ಆ ಗ್ರಾಹಕಕ್ಕೆ ಟಿಎಚ್‌ಸಿಯ ಹಾಗೆ ಅಂಟುವುದೂ ಇಲ್ಲ. ಹಾಗಂತ ಅದು ಸಾದಾ ನೀರಲ್ಲ, ದೇಹದಲ್ಲಿ ಕೆಲಸ ಮಾಡುತ್ತದೆ. ಜಾಹೀರಾತಿನಲ್ಲಿ ನಿದ್ದೆ, ನೋವು, ಚಿಂತೆ, ಕೂದಲು, ಸಕ್ಕರೆ ಕಾಯಿಲೆ ಎಲ್ಲಕ್ಕೂ ಇದೇ ಮದ್ದು. ಗಟ್ಟಿ ಪುರಾವೆ ಇರುವುದು ಮಾತ್ರ ಕೆಲವು ಅಪರೂಪದ, ತೀವ್ರ ಮೂರ್ಛೆರೋಗಗಳಿಗೆ. ಅದಕ್ಕೆಂದೇ ಎಪಿಡಿಯೋಲೆಕ್ಸ್ ಎಂಬ ಶುದ್ಧ ಸಿಬಿಡಿ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊಣಕಾಲು ನೋವಿಗೆ ಅಂಥ ಪುರಾವೆ ಇಲ್ಲ. ಇದನ್ನು ಮೊದಲೇ ಓದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು.

ಇನ್ನೊಂದು ವಿಷಯ ತಿಳಿದಿದ್ದರೆ ಒಳ್ಳೆಯದು. ಹಸಿ ಗಿಡದಲ್ಲಿ ಟಿಎಚ್‌ಸಿ ಹೆಚ್ಚಾಗಿ ಇರುವುದೇ ಇಲ್ಲ. ಇರುವುದು ಟಿಎಚ್‌ಸಿಎ, ಅದರ ಆಮ್ಲ ರೂಪ. ಅದು ನಶೆ ಏರಿಸುವುದಿಲ್ಲ. ಜೋಳದ ಹಿಟ್ಟು ಹಿಟ್ಟೇ, ಕಾದ ಹಂಚಿಗೆ ಬಿದ್ದ ಮೇಲೆ ರೊಟ್ಟಿ, ಅಲ್ವಾ? ಇದೂ ಹಾಗೆ. ಬಿಸಿ ತಾಗಿದಾಗ ಟಿಎಚ್‌ಸಿಎ ಟಿಎಚ್‌ಸಿ ಆಗುತ್ತದೆ. “ಇದರಲ್ಲಿ ಟಿಎಚ್‌ಸಿ ಇಲ್ಲವೇ ಇಲ್ಲ, ಬರೀ ಟಿಎಚ್‌ಸಿಎ” ಎಂದು ಮಾರುವವರು ಹಿಟ್ಟು ತೋರಿಸಿ ರೊಟ್ಟಿ ಮಾರುತ್ತಿದ್ದಾರೆ. ಲ್ಯಾಬ್ ವರದಿಯಲ್ಲಿ ‘ಟೋಟಲ್ ಟಿಎಚ್‌ಸಿ’ ಎಂಬ ಸಾಲು ಹುಡುಕಿ. ಟಿಎಚ್‌ಸಿಎಯನ್ನು 0.877ರಿಂದ ಗುಣಿಸಿ ಟಿಎಚ್‌ಸಿಗೆ ಕೂಡಿದರೆ ಬರುವುದು ಆ ಸಂಖ್ಯೆ.

ಸಿಬಿಜಿ, ಸಿಬಿಎನ್ ಎಂಬ ಹೆಸರುಗಳೂ ಕಾಣುತ್ತವೆ. ಸಿಬಿಎನ್ ಎನ್ನುವುದು ಟಿಎಚ್‌ಸಿ ಹಳತಾದಾಗ ಆಗುವ ಪದಾರ್ಥ. ಇವುಗಳಿಗಾಗಿ ಹೆಚ್ಚು ದುಡ್ಡು ಕೊಡಬೇಡಿ. ಡೆಲ್ಟಾ-8 ಎಂದು ಕಂಡರೆ ಮುಟ್ಟಲೇಬೇಡಿ. ಸಾಮಾನ್ಯವಾಗಿ ಅದು ಸಿಬಿಡಿಯನ್ನು ರಾಸಾಯನಿಕವಾಗಿ ತಿರುಚಿ ಮಾಡಿದ ಟಿಎಚ್‌ಸಿ, ನಶೆ ಏರಿಸುತ್ತದೆ.

ಬೀಜ: ಅಂಗಡಿಯಲ್ಲಿ ಧೈರ್ಯವಾಗಿ ಕೊಳ್ಳಬಹುದಾದ್ದು

ಬೀಜದೊಳಗೆ ಟಿಎಚ್‌ಸಿ ಹುಟ್ಟುವುದಿಲ್ಲ. ಹೂವಿನ ಅಂಟು ಸಿಪ್ಪೆಗೆ ತಾಗಿದ್ದರೆ ಅಷ್ಟೋ ಇಷ್ಟೋ ಇರುತ್ತದೆ. 2021ರ ನವೆಂಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ಆಹಾರವೆಂದು ಒಪ್ಪಿ ಮಿತಿ ಹಾಕಿತು. ಎಣ್ಣೆಯಲ್ಲಿ ಕೆಜಿಗೆ 10 ಮಿ.ಗ್ರಾಂ., ಬೀಜದಲ್ಲಿ 5 ಮಿ.ಗ್ರಾಂ.ಗಿಂತ ಹೆಚ್ಚು ಟಿಎಚ್‌ಸಿ ಇರಬಾರದು. ಸಿಬಿಡಿ ಕೆಜಿಗೆ 75 ಮಿ.ಗ್ರಾಂ. ದಾಟಬಾರದು.

ಈ 75 ಅನ್ನು ನನ್ನ ಬಾಟಲಿಗೆ ಹಚ್ಚಿ ನೋಡಿದೆ. 100 ಎಂ.ಎಲ್. ಎಣ್ಣೆ ಎಂದರೆ ಸುಮಾರು 92 ಗ್ರಾಂ. ಕಾನೂನಿನ ಮಿತಿ ತುಂಬುವಷ್ಟು ಸಿಬಿಡಿ ಇದ್ದರೂ ಇಡೀ ಬಾಟಲಿಯಲ್ಲಿ 7 ಮಿ.ಗ್ರಾಂ. ಆ ಎಪಿಡಿಯೋಲೆಕ್ಸ್ ಶುರು ಮಾಡುವುದೇ ದಿನಕ್ಕೆ ದೇಹದ ತೂಕದ ಕೆಜಿಗೆ 5 ಮಿ.ಗ್ರಾಂ.ನಂತೆ. 60 ಕೆಜಿಯ ಮನುಷ್ಯನಿಗೆ 300 ಮಿ.ಗ್ರಾಂ. ನನ್ನ ಲೆಕ್ಕದಲ್ಲಿ ಅದು ದಿನಕ್ಕೆ 43 ಬಾಟಲಿ. ಮಾವ ಮೊಣಕಾಲಿಗೆ ಹಚ್ಚುತ್ತಿದ್ದದ್ದು ಅರ್ಧ ಚಮಚ.

ಹಾಗಾದರೆ ಬೀಜ ಯಾಕೆ ತಿನ್ನಬೇಕು? ಪೌಷ್ಟಿಕಾಂಶ ಚೆನ್ನಾಗಿದೆ ನಿಜ. ಸಿಪ್ಪೆ ತೆಗೆದ ಬೀಜ 100 ಗ್ರಾಂ.ನಲ್ಲಿ ಪ್ರೋಟೀನ್ 30 ಗ್ರಾಂ.ಗಿಂತ ಸ್ವಲ್ಪ ಜಾಸ್ತಿ. ನಮ್ಮ ಶೇಂಗಾದಲ್ಲಿ 25 ಗ್ರಾಂ. ಆಸುಪಾಸು. ಹೆಂಪ್ ಬೀಜದ ಒಮೆಗಾ-3 ಬಗ್ಗೆ ಬಹಳ ಹೊಗಳುತ್ತಾರೆ. 100 ಗ್ರಾಂ.ಗೆ 8-9 ಗ್ರಾಂ. ಇರುತ್ತದೆ. ಅದೇ ಅಗಸಿಯಲ್ಲಿ 22 ಗ್ರಾಂ.! ಊಟದಲ್ಲಿ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ತಟ್ಟೆಯ ಮೂಲೆಯಲ್ಲಿ ಇರುವ ಊರು ನಮ್ಮದು. ಅಗಸಿಯ ಹಲವು ಪಟ್ಟು ಬೆಲೆ ಕೊಟ್ಟು ಹೆಂಪ್ ಬೀಜ ತಿನ್ನಬೇಕಾದ ತುರ್ತು ನನಗಂತೂ ಕಾಣಲಿಲ್ಲ. ಜಿಮ್‌ಗೆ ಹೋಗುವವರು, ಹಾಲಿನ ಪ್ರೋಟೀನ್ ಆಗದವರು ಬೇಕಾದರೆ ಹಿಟ್ಟು ತಂದು ನೋಡಲಿ. ರುಚಿ ಕೆಟ್ಟದಿಲ್ಲ, ಸ್ವಲ್ಪ ಸೂರ್ಯಕಾಂತಿ ಬೀಜದ ಹಾಗೆ.

ಎಣ್ಣೆ ಕೊಂಡರೆ ಒಗ್ಗರಣೆಗೆ ಇಡಬೇಡಿ. ಬೇಗ ಹೊಗೆಯಾಡುತ್ತದೆ, ಕಹಿಯಾಗುತ್ತದೆ. ಹಿಂಡಿಯ ಮೇಲೆ ಹಸಿಯಾಗಿ ಹಾಕಿಕೊಳ್ಳಬೇಕು. ಕಲಬುರಗಿಯ ಮೇ ತಿಂಗಳಲ್ಲಿ ಅಡುಗೆಮನೆಯ ಕಪಾಟಿನಲ್ಲಿ ಇಟ್ಟರೆ ಬೇಗ ಮುಗ್ಗಲು ವಾಸನೆ ಬರುತ್ತದೆ, ಫ್ರಿಜ್ ಬೇಕು. ಮುಖಕ್ಕೆ, ಒಡೆದ ಹಿಮ್ಮಡಿಗೆ ಹಚ್ಚಲು ಒಳ್ಳೆಯ ಎಣ್ಣೆಯೇ. ಕೊಬ್ಬರಿ ಎಣ್ಣೆಯೂ ಆ ಕೆಲಸ ಮಾಡುತ್ತದೆ.

ವಿಜಯಾ: ಚೀಟಿ ಇಲ್ಲದೆ ಬೇಡ

ಭಾರತದಲ್ಲಿ ಕಾನೂನಿನೊಳಗೆ ಸಿಬಿಡಿ ಬೇಕೆಂದರೆ ದಾರಿ ಆಯುರ್ವೇದದ್ದು. ಭಂಗಿ ಎಲೆಗೆ ಅಲ್ಲಿ ವಿಜಯಾ ಎಂದು ಹೆಸರು. ಅದರ ಸಾರ ತೆಗೆದು ಎಣ್ಣೆ, ಮಾತ್ರೆ, ಮುಲಾಮು ಮಾಡುತ್ತಾರೆ. ಆಯುಷ್ ಲೈಸೆನ್ಸ್ ಇರಬೇಕು. ಔಷಧ ನಿಯಮಗಳಲ್ಲಿ ಭಂಗಿಯನ್ನು ವಿಷವಸ್ತುಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಅದಕ್ಕೇ ಬಾಟಲಿ ಮೇಲೆ ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಿ ಎಂಬ ಎಚ್ಚರಿಕೆ ಇರುತ್ತದೆ.

ವಿದೇಶದ ವಿಡಿಯೊ ನೋಡಿ ಬಂದವರಿಗೆ ಇಲ್ಲೊಂದು ಆಶ್ಚರ್ಯ ಕಾದಿರುತ್ತದೆ. ಅಲ್ಲಿ ಸಿಬಿಡಿ ಎಣ್ಣೆ ಎಂದರೆ ಟಿಎಚ್‌ಸಿ ಇಲ್ಲದ್ದು ಎಂಬ ನಂಬಿಕೆ. ನಮ್ಮ ವಿಜಯಾ ಎಣ್ಣೆಗಳಲ್ಲಿ ಎಷ್ಟೋ ಬಾಟಲಿಗಳಲ್ಲಿ ಟಿಎಚ್‌ಸಿ ಒಳ್ಳೆಯ ಪ್ರಮಾಣದಲ್ಲೇ ಇರುತ್ತದೆ, ಕೆಲವದರಲ್ಲಿ ಸಿಬಿಡಿಗೆ ಸಮಸಮ. ಹಾಗಿರುವುದು ಕುಡಿದು ಬೈಕ್ ಹತ್ತಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಕೊಳ್ಳುವ ಮೊದಲು ಎರಡರ ಅನುಪಾತ ಕೇಳಿ. ‘ಫುಲ್ ಸ್ಪೆಕ್ಟ್ರಮ್’ ಎಂದರೆ ಟಿಎಚ್‌ಸಿ ಸಹಿತ ಎಲ್ಲ ಇದೆ. ‘ಬ್ರಾಡ್ ಸ್ಪೆಕ್ಟ್ರಮ್’ ಎಂದರೆ ಟಿಎಚ್‌ಸಿ ತೆಗೆದಿದ್ದಾರೆ, ತೆಗೆದಿರಬೇಕು. ‘ಐಸೊಲೇಟ್’ ಎಂದರೆ ಬರೀ ಸಿಬಿಡಿ.

ಲೇಬಲ್‌ನ ಇನ್ನೊಂದು ಆಟ ಮಿಲಿಗ್ರಾಂದು. ಬಾಟಲಿ ಮೇಲೆ ದೊಡ್ಡದಾಗಿ 1,500 ಮಿ.ಗ್ರಾಂ. ಎಂದಿರುತ್ತದೆ. ಅದು ಸಿಬಿಡಿ ಎಂದುಕೊಳ್ಳುತ್ತೇವೆ. ಸಣ್ಣ ಅಕ್ಷರದಲ್ಲಿ ನೋಡಿದರೆ 1,500 ಮಿ.ಗ್ರಾಂ. ವಿಜಯಾ ಸಾರ. ಸಾರದಲ್ಲಿ ಸಿಬಿಡಿ ಶೇ. 40 ಇದ್ದರೆ ಸಿಗುವುದು 600 ಮಿ.ಗ್ರಾಂ. 30 ಎಂ.ಎಲ್. ಬಾಟಲಿಯಾದರೆ ಒಂದು ಎಂ.ಎಲ್.ಗೆ 20 ಮಿ.ಗ್ರಾಂ. ಒಂದು ಎಂ.ಎಲ್.ಗೆ ಸುಮಾರು 20 ಹನಿ ಎಂದು ಹಿಡಿದರೆ ಒಂದು ಹನಿಗೆ 1 ಮಿ.ಗ್ರಾಂ. ಈ ಬಾಟಲಿ 3,000 ರೂಪಾಯಿ ಎನ್ನಿ. ಒಂದು ಮಿ.ಗ್ರಾಂ. ಸಿಬಿಡಿಗೆ 5 ರೂಪಾಯಿ. ಪಕ್ಕದಲ್ಲಿ 3,600 ರೂಪಾಯಿಯ ಬಾಟಲಿ, ಮೇಲೆ ಬರೆದದ್ದು 1,200 ಮಾತ್ರ, ಆದರೆ ಸಿಬಿಡಿ 900 ಮಿ.ಗ್ರಾಂ. ಅದು 4 ರೂಪಾಯಿ. ಕಮ್ಮಿ ಸಂಖ್ಯೆ ಬರೆದ, ಹೆಚ್ಚು ಬೆಲೆಯ ಬಾಟಲಿಯೇ ಅಗ್ಗ! ಬಾಜಾರದಲ್ಲಿ ತೊಗರಿ ಬೇಳೆ ಕೊಳ್ಳುವಾಗ ನಾವು ಚೀಲದ ಬಣ್ಣ ನೋಡುವುದಿಲ್ಲ, ಕೈಹಾಕಿ ಬೇಳೆ ನೋಡುತ್ತೇವೆ. ಇಲ್ಲಿ ಕೈ ಹಾಕುವ ಜಾಗ ಲ್ಯಾಬ್ ವರದಿ.

ವರದಿಯಲ್ಲಿ ಮೊದಲು ಬ್ಯಾಚ್ ಸಂಖ್ಯೆ ನೋಡಿ. ಬಾಟಲಿಯ ಮೇಲಿನದಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಅದು ಬೇರೆ ಯಾರದೋ ಜಾತಕ. ಆಮೇಲೆ ಸಿಬಿಡಿ, ಟೋಟಲ್ ಟಿಎಚ್‌ಸಿ. ಆಮೇಲೆ ಸೀಸ, ಕ್ಯಾಡ್ಮಿಯಂ. ಈ ಗಿಡ ಮಣ್ಣಿನಲ್ಲಿರುವ ಭಾರ ಲೋಹಗಳನ್ನು ಚೆನ್ನಾಗಿ ಹೀರುತ್ತದೆ, ಅದಕ್ಕೇ ಈ ಸಾಲು ಮುಖ್ಯ. ವರದಿ ಕೇಳಿದಾಗ “ಅದೆಲ್ಲ ಇಲ್ಲ ಸರ್, ನ್ಯಾಚುರಲ್ ಇದೆ” ಎಂದರೆ ದುಡ್ಡು ಜೇಬಿಗೆ ಹಾಕಿಕೊಂಡು ಬನ್ನಿ.

ಈಗ ಮಾವನ ಪುಣ್ಯದ ಕಥೆ. ನಾವು ನುಂಗುವ ಬಹಳಷ್ಟು ಮಾತ್ರೆಗಳನ್ನು ಕರಗಿಸಿ ಹೊರಹಾಕುವುದು ಲಿವರಿನ ಕೆಲವು ಕಿಣ್ವಗಳು. ಸಿಬಿಡಿ ಆ ಕಿಣ್ವಗಳ ಕೆಲಸ ನಿಧಾನ ಮಾಡುತ್ತದೆ. ಆಗ ವಾರ್ಫರಿನ್ ರಕ್ತದಲ್ಲೇ ಉಳಿದು ಹೆಚ್ಚಾಗುತ್ತದೆ. ರಕ್ತ ಬೇಕಾದ್ದಕ್ಕಿಂತ ತೆಳುವಾಗುತ್ತದೆ, ಸಣ್ಣ ಗಾಯವೂ ನಿಲ್ಲುವುದಿಲ್ಲ, ಒಳಗೇ ರಕ್ತ ಸೋರಬಹುದು. ನಾನು ಅಂದುಕೊಂಡ ಬಾಟಲಿಯೇ ಬಂದಿದ್ದರೆ, ಮಾವ ಅದನ್ನು ಹಚ್ಚದೆ ಕುಡಿದಿದ್ದರೆ? ಆ ಅಂಗಡಿಯವರ ಮುಖ ಯಾಕೆ ಬದಲಾಯಿತೆಂದು ಆಗ ಅರ್ಥವಾಯಿತು. ಮೂರ್ಛೆರೋಗದ ಕ್ಲೋಬಜಾಮ್ ಮಾತ್ರೆಗೂ ಹೀಗೇ ಆಗುತ್ತದೆ. ಸಿಬಿಡಿಯಿಂದ ಮಂಪರು, ಭೇದಿ, ಬಾಯಿ ಒಣಗುವುದು, ಹಸಿವು ಕಮ್ಮಿಯಾಗುವುದು ಉಂಟು. ದೊಡ್ಡ ಪ್ರಮಾಣದಲ್ಲಿ ಲಿವರ್ ಪರೀಕ್ಷೆಯ ಅಂಕಿ ಏರುವುದೂ ಉಂಟು. ಬಸುರಿಯರು, ಹಾಲುಣಿಸುವವರು ಹತ್ತಿರವೂ ಸುಳಿಯಬಾರದು. ಆಯುರ್ವೇದ ವೈದ್ಯರ ಹತ್ತಿರ ಹೋದರೂ ಅಲೋಪಥಿ ಮಾತ್ರೆಯ ಚೀಟಿ ಒಯ್ದು ತೋರಿಸಿ. ಇದೊಂದು ಮಾತು ಮಾತ್ರ ನನ್ನ ಪರವಾಗಿ ನಿಮ್ಮ ಮನೆಯ ಹಿರಿಯರಿಗೆ ಹೇಳಿ.

ಭಾಂಗ್, ಗಾಂಜಾ ಮತ್ತು ಗಮ್ಮಿ

ಭಾಂಗ್ ಎಂದರೆ ಎಲೆ ಅರೆದದ್ದು. ಎನ್‌ಡಿಪಿಎಸ್‌ನ ವ್ಯಾಖ್ಯೆಯಲ್ಲಿ ಇಲ್ಲ. 2022ರಲ್ಲಿ 29 ಕೆಜಿ ಭಾಂಗ್ ಇಟ್ಟುಕೊಂಡಿದ್ದವನಿಗೆ ಕರ್ನಾಟಕ ಹೈಕೋರ್ಟ್ ಇದೇ ಕಾರಣ ಕೊಟ್ಟು ಜಾಮೀನು ಕೊಟ್ಟಿತು. ಅದನ್ನು ಓದಿ “ಹಂಗಾದ್ರ ಭಾಂಗ್ ಫ್ರೀ” ಎಂದು ಕುಣಿದವರಿದ್ದಾರೆ. ಅದು ಜಾಮೀನು, ಲೈಸೆನ್ಸ್ ಅಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಭಾಂಗ್ ಅನ್ನೂ ಮಾದಕ ವಸ್ತು ಎಂದೇ ಎಣಿಸುತ್ತದೆ. ಬೇರೆ ರಾಜ್ಯದಲ್ಲಿ ಸರ್ಕಾರಿ ಭಾಂಗ್ ಅಂಗಡಿ ನೋಡಿ ಬಂದು ಇಲ್ಲಿ ಚೀಲ ಬಿಚ್ಚಬೇಡಿ.

ತಿನ್ನುವ ನಶೆಯ ಅಪಾಯ ಬೇರೆಯದೇ. ಸೇದಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಲಿವರ್ ಅದನ್ನು ಇನ್ನೂ ಜೋರಾದ ಒಂದು ರೂಪಕ್ಕೆ ತಿರುಗಿಸಿ ಬಿಡುತ್ತದೆ. ಹೋಳಿಯ ದಿನ ಗೆಳೆಯನೊಬ್ಬ ಒಂದು ಉಂಡೆ ತಿಂದು, ಮುಕ್ಕಾಲು ಗಂಟೆ ಕಾದು, “ಏನೂ ಆಗವಲ್ದು” ಎಂದು ಇನ್ನೆರಡು ತಿಂದ. ಸಂಜೆಗೆ ಮೂರೂ ಕೂಡಿ ಬಂದವು. ರಾತ್ರಿಯೆಲ್ಲ ತನ್ನ ಎದೆ ನಿಂತಿದೆ ಎಂದು ಹೇಳುತ್ತಲೇ ಇದ್ದ, ಹೇಳುವಷ್ಟು ಎದೆ ಬಡಿಯುತ್ತಿತ್ತು.

ಈ ಗಿಡ ನಮ್ಮ ಭಾಗಕ್ಕೆ ಹೊಸದಲ್ಲ. ಯಾದಗಿರಿ ಜಿಲ್ಲೆಯ ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರ ಜಾತ್ರೆಗೆ ಬರುವ ಕೆಲವು ಭಕ್ತರು ಇದನ್ನು ಪ್ರಸಾದವೆಂದು ಸ್ವೀಕರಿಸುವುದು ಪತ್ರಿಕೆಗಳಲ್ಲೂ ಬಂದಿದೆ. ಅವಧೂತರು, ಆರೂಢರ ಕಡೆ ಅದಕ್ಕೆ ಅದರದೇ ಅರ್ಥವಿದೆ. ‘ಭಂಗಿದೇವರಿಗೆ ಹೆಂಡಗುಡುಕ ಪೂಜಾರಿ’ ಎಂಬ ಗಾದೆ ಸುಮ್ನೆ ಹುಟ್ಟಿಲ್ಲ. ಆದರೆ ನಂಬಿಕೆಗೆಂದು ಕಾಯ್ದೆಯಲ್ಲಿ ಬೇರೆ ಸಾಲು ಬರೆದಿಲ್ಲ.

ಗಾಂಜಾ ಕೊಳ್ಳುವ ಆಯ್ಕೆಯಾಗಿ ನಾನು ಇಲ್ಲಿ ಇಡುತ್ತಿಲ್ಲ. ಲೆಕ್ಕ ಗೊತ್ತಿರಲಿ ಎಂದು ಹೇಳುತ್ತೇನೆ. 1 ಕೆಜಿವರೆಗೆ ‘ಸಣ್ಣ ಪ್ರಮಾಣ’, ಒಂದು ವರ್ಷದವರೆಗೆ ಜೈಲು ಅಥವಾ 10,000ದವರೆಗೆ ದಂಡ, ಎರಡೂ ಆಗಬಹುದು. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಕಮ್ಮಿ ಎಂದರೂ ಹತ್ತು ವರ್ಷ. ಚರಸ್‌ಗೆ ಸಣ್ಣ ಪ್ರಮಾಣ ಎಂದರೆ 100 ಗ್ರಾಂ., ವಾಣಿಜ್ಯ 1 ಕೆಜಿ. 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಾಳಗಿ ತಾಲೂಕಿನ ಕುರಿ ಫಾರ್ಮ್ ಒಂದರಲ್ಲಿ ನೆಲದಡಿ ಹೂತಿಟ್ಟಿದ್ದ ಸುಮಾರು 1,350 ಕೆಜಿ ಗಾಂಜಾವನ್ನು ಬೆಂಗಳೂರು ಪೊಲೀಸರು ಬಂದು ತೆಗೆದರು. ಆ ದಿನಗಳಲ್ಲಿ ಊರಿನ ಚಹಾ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಇನ್ನು ಇನ್‌ಸ್ಟಾಗ್ರಾಂನಲ್ಲಿ ಬರುವ ಗಮ್ಮಿ (ಜೆಲ್ಲಿ ಮಿಠಾಯಿ), ಚಾಕೊಲೇಟ್, ವೇಪ್. ಆಹಾರದ ಲೈಸೆನ್ಸ್ ಸಂಖ್ಯೆ ಹಾಕಿಕೊಂಡು “ತಿಂದರೆ ರಿಲ್ಯಾಕ್ಸ್” ಎಂದು ಬರೆದಿದ್ದರೆ ಅಲ್ಲೇ ಸುಳ್ಳು ಇದೆ. ಬೀಜದ ಆಹಾರವಾದರೆ ರಿಲ್ಯಾಕ್ಸ್ ಆಗುವಷ್ಟು ಏನೂ ಇರಲು ಸಾಧ್ಯವಿಲ್ಲ, 7 ಮಿ.ಗ್ರಾಂ. ಲೆಕ್ಕ ನೋಡಿದಿರಲ್ಲ. ನಿಜವಾಗಿ ರಿಲ್ಯಾಕ್ಸ್ ಆಗುತ್ತಿದ್ದರೆ ಒಳಗೆ ಬರೆಯದ ಏನೋ ಇದೆ. ವಿದೇಶದಿಂದ ತರಿಸಿದ್ದು ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಹೆಸರು, ವಿಳಾಸ ನಿಮ್ಮದೇ.

ಬೀದರ್, ಕಲಬುರಗಿಯಿಂದ ಹೈದರಾಬಾದ್ ಮೂಲಕ ದುಬೈ, ಸೌದಿಗೆ ಕೆಲಸಕ್ಕೆ ಹೋಗುವವರು ಬಹಳ. ವೈದ್ಯರ ಚೀಟಿ ಇದ್ದರೂ ವಿಜಯಾ ಎಣ್ಣೆ, ಸಿಬಿಡಿ ಮುಲಾಮು ಯಾವುದನ್ನೂ ಬ್ಯಾಗಿಗೆ ಹಾಕಬೇಡಿ. ಅಲ್ಲಿಯ ಕಾನೂನು ನಮ್ಮದಕ್ಕಿಂತ ಕಠಿಣ. ಹೋಗುವ ಮುಂಚಿನ ವೈದ್ಯಕೀಯ ಪರೀಕ್ಷೆಯಲ್ಲಿ ಮೂತ್ರದಲ್ಲಿ ಟಿಎಚ್‌ಸಿ ಕಂಡರೂ ತೊಂದರೆಯೇ. ಫುಲ್ ಸ್ಪೆಕ್ಟ್ರಮ್ ಎಣ್ಣೆ ಕುಡಿದವರಿಗೆ ಅದು ಕಾಣಬಹುದು.

ಮಾವನ ಮೊಣಕಾಲು ಈಗ ವಾಸಿ. ಪೂರ್ತಿ ಅಲ್ಲ, ಮೆಟ್ಟಿಲು ಹತ್ತುವಷ್ಟು. ಫಿಸಿಯೋಥೆರಪಿಯವರು ಹೇಳಿದ ಮೂರು ವ್ಯಾಯಾಮ, ನಾಲ್ಕು ಕೆಜಿ ತೂಕ ಇಳಿಸಿದ್ದು, ಅಷ್ಟೇ. ಹೆಂಪ್ ಎಣ್ಣೆಯನ್ನು ಅತ್ತೆ ಅಗಸಿ ಹಿಂಡಿಯ ಮೇಲೆ ಹಾಕಿ ಹಾಕಿ ಮುಗಿಸಿದರು. ಬಾಟಲಿಯ ಕಪ್ಪು ಗಾಜು ಚೆನ್ನಾಗಿದೆ ಎಂದು ತೊಳೆದು ಅದರಲ್ಲಿ ಬೇವಿನ ಎಣ್ಣೆ ತುಂಬಿಟ್ಟಿದ್ದಾರೆ. ಲೇಬಲ್ ಮಾತ್ರ ಕಿತ್ತಿಲ್ಲ.